ಗೇರ್‌ಬಾಕ್ಸಿನಲ್ಲಿ ಮರದ ಹೊಟ್ಟು

1961ನೇ ಮಾರ್ಚ್ 14, ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಹೊಳೆನರಸೀಪುರ ಠಾಣೆಗೆ ಬಂದ ಹೆರಿಗೆ ನರ್ಸ್ ಗಂಗಾಂಬಿಕೆ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಐದು ಕಾರು ನೋಡ್ದೆ ಸ್ವಾಮಿ. ಥಳಥಳ ಅನ್ನೋದನ್ನ ಬಿಟ್ಟೆ, ಟೈರ್ ಸವೆದಿದ್ದನ್ನ ಬಿಟ್ಟೆ. ಕೈಲಿದ್ದದ್ದೇ ಎರಡೂವರೆ ಸಾವಿರ. ಮೋಸ ಹೋಗಬಾರದು ಅಂತ ಹಾಸನದ ಮೆಕ್ಯಾನಿಕ್ ದೊಡ್ಡಯ್ಯನವರನ್ನೇ ಕರೆಸಿ ತೋರಿಸಿದೆ. ಕಣ್ಮುಚ್ಕೊಂಡು ತಗಳಿ ಅಂದ್ರು. ಹನ್ನೊಂದನೇ ದಿನಕ್ಕೆ ನಿಂತೋಯ್ತು!"

ನಿಂತದ್ದು ಅರಕಲಗೂಡು ರಸ್ತೆಯಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸು ಒಳಗಿದ್ದಾಗ. ಮಗು ರಸ್ತೆ ಬದಿಯಲ್ಲೇ ಹುಟ್ಟಿತು. ಇಬ್ಬರೂ ಉಳಿದದ್ದು ಗಂಗಾಂಬಿಕೆಯ ಕೈಗುಣ. ಇಂಥವರನ್ನು ಆಸ್ಪತ್ರೆಗೆ ಮುಟ್ಟಿಸಲೆಂದೇ ಅವರು ಒಂಬತ್ತು ವರ್ಷ ಸಂಬಳದಲ್ಲಿ ಉಳಿಸಿ ಕಾರು ಕೊಂಡಿದ್ದರು.

ಸಬ್ ಇನ್‌ಸ್ಪೆಕ್ಟರ್ ಪುಟ್ಟಸ್ವಾಮಿ ಎಫ್.ಐ.ಆರ್. ದಾಖಲಿಸಿದರು: ವಂಚನೆ, ಕಲಂ 420. ಮಧ್ಯಾಹ್ನ ಪಂಚರ ಎದುರು ಗೇರ್‌ಬಾಕ್ಸ್ ಬಿಚ್ಚಿಸಿದಾಗ ಎಣ್ಣೆಯಲ್ಲಿ ನೆನೆದ ಮರದ ಹೊಟ್ಟು ಹಿಡಿ ಹಿಡಿ ಹೊರಬಿತ್ತು. ಹಲ್ಲು ಮುರಿದ ಗೇರಿನ ಸದ್ದು ಅಡಗಿಸಲು ತುಂಬಿದ್ದು. ಕಾನ್‌ಸ್ಟೇಬಲ್ ಚೆನ್ನಯ್ಯ ಪಂಚನಾಮೆ ಬರೆದ.

ಕಾರು ತೋರಿಸಿದ ದಲ್ಲಾಳಿ ನರ್ಸಿಗೆ ಕೊಟ್ಟ ಮಾರಾಟದ ರಸೀದಿಯಲ್ಲಿದ್ದ ರುಜು ಚನ್ನರಾಯಪಟ್ಟಣದ ತಿಮ್ಮಪ್ಪನದು. ಶ್ರವಣಬೆಳಗೊಳದ ಯಾತ್ರಿಕರಿಗೆ ಬಾಡಿಗೆ ಕಾರು ಓಡಿಸುವವನು. ಮರುದಿನ ಎರಡು ಬಸ್ಸು ಬದಲಾಯಿಸಿ ಹೋದರೆ ಬೆಳಗೊಳಕ್ಕೆ ಹೋಗಿದ್ದಾನೆಂದರು. ಬೆಳಗೊಳದಲ್ಲಿ ವಿಚಾರಿಸಿದರೆ ಈಗಷ್ಟೇ ಪಟ್ಟಣಕ್ಕೆ ಹೊರಟನೆಂದರು. ಸಿಕ್ಕಿದ್ದು 16ರ ಸಂಜೆ. ಅಷ್ಟರಲ್ಲಿ ಪುಟ್ಟಸ್ವಾಮಿಯವರ ತಲೆ ಕಾದಿತ್ತು.

"ಹೊಟ್ಟು ತುಂಬಿದವನು ನೀನೇನಯ್ಯ?"

"ನಾನ್ಯಾಕ್ ತುಂಬ್ಲಿ ಸಾ? ಆ ಕಾರು ಮಾರಿ ಆರು ತಿಂಗ್ಳಾಯ್ತು."

"ರಸೀದಿಗೆ ರುಜು?"

"ಕಾಗ್ದ ನನ್ನೆಸ್ರಲ್ಲೇ ಇತ್ತು. ಕೊಂಡೋರು ಬಂದು ರುಜು ಆಕು ಅಂದ್ರು, ಆಕ್ದೆ."

"ಯಾರು ಕೊಂಡೋರು?"

"ದೊಡ್ಡಯ್ಯ ಮೇಸ್ತ್ರಿ. ಗೇರು ಆಗ್ಲೇ ಕಿರುಗುಟ್ತಿತ್ತು. ಏನೂ ಅನ್ದೆ ತಗಂಡ್ರು. ನಂಗೇ ಸೋಜಿಗ."

ಅಂದರೆ ಮೇಸ್ತ್ರಿ ತನ್ನದೇ ಕಾರನ್ನು ತಾನೇ ಪರೀಕ್ಷಿಸಿ ಒಳ್ಳೆಯದೆಂದು ಹೇಳಿದ್ದ! ಪುಟ್ಟಸ್ವಾಮಿ ಹಣೆ ಚಚ್ಚಿಕೊಂಡರು.

17ರ ಬೆಳಿಗ್ಗೆ ಹಾಸನದ ಶೆಡ್ಡಿನಲ್ಲಿ ದೊಡ್ಡಯ್ಯ ಒಂದು ಲಾರಿಯ ಎಂಜಿನ್ನಿಗೆ ಬಾಗಿ ನಿಂತಿದ್ದ. ಮೂರು ಸಲ ಕೂಗಿದರೂ ತಿರುಗಲಿಲ್ಲ. ಚೆನ್ನಯ್ಯ ಭುಜ ಮುಟ್ಟಿದ.

"ನರ್ಸಮ್ಮನ ಕಾರು ಯಾರದು?" ಪುಟ್ಟಸ್ವಾಮಿ ಕೇಳಿದರು.

"ಒಳ್ಳೆ ಗಾಡಿ ಸಾ."

"ಅದಲ್ಲ ಕೇಳಿದ್ದು! ಹೊಟ್ಟು ತುಂಬಿದ್ದು ಯಾರು?"

"ಪೆಟ್ರೋಲಾ? ಗ್ಯಾಲನ್‌ಗೆ ಇಪ್ಪತ್ತೈದು ಮೈಲಿ ಕೊಡ್ತದೆ."

"ನನ್ನನ್ನು ಆಟ ಆಡಿಸ್ತೀಯಾ?" ಎಂದು ಪುಟ್ಟಸ್ವಾಮಿ ಗುಡುಗಿದರು. ಪಕ್ಕದ ಅಂಗಡಿಯವರೆಲ್ಲ ಎದ್ದು ನಿಂತರು. ದೊಡ್ಡಯ್ಯ ಮಾತ್ರ ಪುಟ್ಟಸ್ವಾಮಿಯವರ ತುಟಿಗಳನ್ನೇ ನೋಡುತ್ತಿದ್ದ.

"ಸಾ, ಇವ್ರಿಗೆ ಕಿವಿ ಕೇಳ್ತಿಲ್ಲ," ಎಂದ ಚೆನ್ನಯ್ಯ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟ. ರಸ್ತೆ ಬದಿಯ ಹೆರಿಗೆಯ ವಿಷಯವನ್ನೂ ಬರೆದ.

ಓದಿದ ದೊಡ್ಡಯ್ಯ ಹಳೆಯ ಟೈರಿನ ಮೇಲೆ ಕುಸಿದು ಕೂತ.

"ಎಲ್ಡು ವರ್ಸ ಆಯ್ತು ಸಾ, ಕೇಳಾಕಿಲ್ಲ. ಕಾರು ತಗಂಡು ಗೇರ್ ಕಡ್ಡಿ ಇಡ್ದಾಗ್ಲೇ ಕೈಗೆ ಗೊತ್ತಾಗಿದ್ದು. ಊರೋರೆಲ್ಲ ನನ್ ಕಿವಿ ನಂಬಿ ಗಾಡಿ ತಗಳೋರು. ನಾನೇ ಮೋಸ ಓದೆ ಅಂತ ಯಾರ್ಗ್ ಏಳ್ಲಿ? ಮರದ್ ಒಟ್ಟು ತುಂಬಿದ್ದು ನಾನೇ. ಗಾಡಿ ಕಣ್ಮುಂದಿಂದ ಓದ್ರೆ ಸಾಕಾಗಿತ್ತು." ಚೀಟಿಯನ್ನು ಮತ್ತೊಮ್ಮೆ ನೋಡಿ ಕೇಳಿದ: "ಮಗ ಉಳೀತಾ?"

ಚೆನ್ನಯ್ಯ ಹೌದೆಂದು ತಲೆಯಾಡಿಸಿದ.

ಹನ್ನೊಂದು ಇಪ್ಪತ್ತಕ್ಕೆ ದಸ್ತಗಿರಿ. ಪುಟ್ಟಸ್ವಾಮಿಗೆ ಸಿಟ್ಟೇನೋ ಇಳಿದಿರಲಿಲ್ಲ. ಯಾರ ಮೇಲೆಂದು ಮಾತ್ರ ತಿಳಿಯದಾಗಿತ್ತು. ಬಸ್ ನಿಲ್ದಾಣದ ದಾರಿಯಲ್ಲಿ ದುದ್ದದ ಕಡೆಯ ರೈತನೊಬ್ಬ ಅಡ್ಡ ಬಂದ. "ಮೇಸ್ತ್ರಿ, ಒಂದ್ ಅಳೇ ಕಾರ್ ನೋಡಿವ್ನಿ. ಒಸಿ ಬಂದು ಅದ್ರ ಸದ್ದು ಕೇಳಿ ಏಳಿ."

ದೊಡ್ಡಯ್ಯ ಅವನ ತುಟಿಗಳನ್ನು ನೋಡಿದ. ಆಮೇಲೆ, ಅಷ್ಟು ಜನರ ನಡುವೆ ಜೋರಾಗಿಯೇ ಹೇಳಿದ:

"ನಂಗ್ ಕಿವಿ ಕೇಳಾಕಿಲ್ಲ ಕಣಪ್ಪ. ಬ್ಯಾರೆಯೋರ್ಗೆ ತೋರ್ಸು."