ಗಾಳಿ ಕೊಳವೆಯ ಗಂಟು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಲಾಂಡ್ರಿ ಕಾರ್ಖಾನೆಯಲ್ಲಿ ಹಬೆ ಕೊಳವೆಯ ಜೋಡಣೆ ಸಿಡಿದು, ಬಾಯ್ಲರ್ ನೋಡಿಕೊಳ್ಳುವ ಅವಳ ಅಣ್ಣನ ಕುತ್ತಿಗೆ, ಬಲಗೈ ಬೆಂದಿದ್ದವು.

"ಮಾಲೀಕರು ಆಕಸ್ಮಿಕ ಅಂತಾರೆ ಸಾರ್. ಆದ್ರೆ ಅಣ್ಣ ನಾಲ್ಕು ದಿನದಿಂದ ಸರಿಯಾಗಿ ಊಟಾನೇ ಮಾಡಿರಲಿಲ್ಲ. ಪೈಪೊಳಗೆ ಯಾರೋ ಬಡೀತಾರೆ ಅಂತಿದ್ದ."

"ಯಾರೋ ಅಂದ್ರೆ?"

"ಹಾಗಂತ ಕೇಳಿದ್ದಕ್ಕೆ ಮಾತೇ ನಿಲ್ಲಿಸಿಬಿಟ್ಟ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಜತೆ 11.45ಕ್ಕೆ ಕಾರ್ಖಾನೆ ತಲುಪಿದರು. ಸಿಡಿದ ಜೋಡಣೆ ಬದಲಿಸಿ ಕೆಲಸ ಮತ್ತೆ ಶುರುವಾಗಿತ್ತು. ಇಸ್ತ್ರಿ ಹಾಲಿನಲ್ಲಿ ಏಳು ಹೆಂಗಸರು ಬಿಳಿ ಹೊದಿಕೆಗಳನ್ನು ಮಡಿಸುತ್ತಿದ್ದರು. 12.10ಕ್ಕೆ ತಲೆಯ ಮೇಲಿನ ಕೊಳವೆಯಲ್ಲಿ ಸದ್ದಾಯಿತು. ಢಣ್, ಢಣ್, ಢಣ್. ಒಳಗಿನಿಂದ ಬಾಗಿಲು ತಟ್ಟಿದ ಹಾಗೆ. ಹೆಡ್ ಕಾನ್‌ಸ್ಟೇಬಲ್ ತನಗೆ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಹೆಂಗಸರ ಕೈಗಳು ನಿಂತವು.

"ದೆವ್ವ ಅಲ್ಲ ಸಾರ್, ನೀರು," ಎಂದ ಕಾರ್ಖಾನೆಯ ಫಿಟ್ಟರ್. ಆದರೆ ಅವನ ದನಿಯೂ ತಗ್ಗಿತ್ತು.

ಅವನು ಅವರನ್ನು ಹಿಂದೆ, ಬಾಯ್ಲರ್ ಪಕ್ಕ ಪಂಪು ಕೂರಿಸಿದ್ದ ಗುಂಡಿಗೆ ಕರೆದೊಯ್ದ. ಬಟ್ಟೆ ಒಣಗಿಸಿದ ಹಬೆ ತಣಿದು ನೀರಾಗುತ್ತದೆ. ಆ ನೀರು ತಾನಾಗಿ ಇಳಿದು ಪಂಪಿನೊಳಗೆ ತುಂಬಬೇಕು. ತುಂಬಿದ ಮೇಲೆ ಪಂಪು ಹಬೆಯ ಒತ್ತಡದಿಂದ ಅದನ್ನು ಬಾಯ್ಲರಿಗೆ ವಾಪಸ್ ತಳ್ಳುತ್ತದೆ.

"ಈಗ ತುಂಬ್ತಾನೇ ಇಲ್ಲ. ನೀರು ಹಿಂದಕ್ಕೆ ನಿಲ್ಲುತ್ತೆ. ಹಬೆ ಬಂದು ಅದಕ್ಕೆ ಗುದ್ದುತ್ತೆ. ಅದೇ ಸದ್ದು."

"ಯಾಕೆ ತುಂಬ್ತಿಲ್ಲ?"

ಫಿಟ್ಟರ್ ಹಬೆ ನಿಲ್ಲಿಸಿ ಒಂದೊಂದನ್ನೇ ನೋಡಿದ. ಒಳಬರುವ ವಾಲ್ವ್ ಪೂರ್ತಿ ತೆರೆದಿತ್ತು. ಜಾಲರಿಯಲ್ಲಿ ಕಸವಿರಲಿಲ್ಲ. ನೀರನ್ನು ಹಿಂದಕ್ಕೆ ಬಿಡದ ಮುಚ್ಚಳ ಸಲೀಸಾಗಿ ಆಡುತ್ತಿತ್ತು. ಹಬೆಯ ವಾಲ್ವೂ ಸೋರುತ್ತಿರಲಿಲ್ಲ. ಅವನು ತಲೆ ಕೆರೆದುಕೊಂಡ.

"ಸೀಸೆಗೆ ನೀರು ತುಂಬೋವಾಗ ಒಳಗಿನ ಗಾಳಿ ಹೊರಗೆ ಬರ್ಬೇಕಲ್ಲ? ಇಲ್ಲಿ ಎಲ್ಲಿಂದ ಬರುತ್ತೆ?" ಎಂದು ಕೇಳಿದಳು ಮಹಿಳಾ ಕಾನ್‌ಸ್ಟೇಬಲ್.

ಫಿಟ್ಟರ್ ಬೆರಳು ಮೇಲಕ್ಕೆತ್ತಿದ. ಪಂಪಿನ ನೆತ್ತಿಯಿಂದ ಹೊರಟ ಸಣ್ಣ ಗಾಳಿ ಕೊಳವೆ ಗೋಡೆ ಹಿಡಿದು ತಾರಸಿಗೆ ಹೋಗಿತ್ತು.

ತಾರಸಿಯಲ್ಲಿ ಕೊಳವೆಯ ಬಾಯಿಗೆ ಹೊದಿಕೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ದಾರದಿಂದ ಬಿಗಿಯಲಾಗಿತ್ತು. ಗಂಟು ಕೆಡದಂತೆ ದಾರ ಕತ್ತರಿಸಿ ಬಟ್ಟೆ ತೆಗೆದೊಡನೆ ಒಳಗಿನಿಂದ ಬೆಚ್ಚನೆಯ ಉಸಿರು ಬಹಳ ಹೊತ್ತು ಬಂತು, ಮಲಗಿದವರು ಮಗ್ಗುಲಾದಂತೆ. ಕೆಳಗೆ ಗುಂಡಿಯಲ್ಲಿ ನೀರು ಗಳಗಳನೆ ಇಳಿಯುವುದು ಕೇಳಿಸಿತು. ಮಧ್ಯಾಹ್ನ 1.05ಕ್ಕೆ ಪಂಚನಾಮೆ ಮುಗಿಯಿತು.

"ಇದು ಬಟ್ಟೆ ಕಟ್ಟೋ ದಾರ ಸಾರ್. ಗಂಟು ನೋಡಿ, ಎಡಗೈಯಲ್ಲಿ ಹಾಕಿದ್ದು," ಎಂದಳು ಮಹಿಳಾ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ಏಳೂ ಹೆಂಗಸರಿಗೆ ಒಂದೊಂದು ಕಟ್ಟು ಕಟ್ಟಲು ಹೇಳಿದರು. ಆರು ಗಂಟುಗಳು ಒಂದೇ ತೆರ. ಏಳನೆಯದು, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹಿರಿಯ ಹೆಂಗಸು ಕಟ್ಟಿದ್ದು, ತಾರಸಿಯ ಗಂಟಿನಂತೆಯೇ ಇತ್ತು.

"ತಾರಸಿಗೆ ಹೋಗಿದ್ರಾ?"

"ಹೋಗಿದ್ದೆ."

"ನೀವೇ ಕಟ್ಟಿದ್ದಾ?"

"ಹೌದಪ್ಪ."

ಅವಳ ಗಂಡ ಇಪ್ಪತ್ತೆರಡು ವರ್ಷ ಇಲ್ಲೇ ಬಾಯ್ಲರ್ ನೋಡಿಕೊಂಡಿದ್ದ. ಊಟದ ಹೊತ್ತಿಗೆ ಸ್ಪ್ಯಾನರಿನಿಂದ ಕೊಳವೆಗೆ ತಟ್ಟಿ ಅವಳನ್ನು ಕರೆಯುತ್ತಿದ್ದ. ತೀರಿಕೊಂಡು ಎರಡು ವರ್ಷವಾಗಿತ್ತು. ಹೋದ ತಿಂಗಳು ಜಾಲರಿ ಕಟ್ಟಿಕೊಂಡು ಪಂಪು ತುಂಬದೆ ಹೋದಾಗ ಕೊಳವೆ ಒಂಬತ್ತು ದಿನ ಬಡಿಯಿತು. ಜಾಲರಿ ತೊಳೆದ ಮೇಲೆ ಸದ್ದು ನಿಂತಿತು.

"ಹಿಂದೊಂದ್ಸಲ ಆ ಪೈಪಿನ ಬಾಯಿ ಮೇಲೆ ಒದ್ದೆ ಟವೆಲ್ ಹಾಕಿದ್ದೆ. ಪಂಪಿಗೆ ಉಸಿರು ಕಟ್ಟುತ್ತೆ ಕಣೇ ಅಂತ ನಮ್ಮನೆಯವ್ರು ಬೈದಿದ್ರು. ಸದ್ದು ನಿಂತ್ಮೇಲೆ ಅದು ನೆನಪಾಯ್ತು."

"ಒಬ್ಬರಿಗೆ ಮೈ ಸುಟ್ಟಿದೆ ಅಂತ ಗೊತ್ತಾದ್ಮೇಲೂ ಯಾಕೆ ಬಿಚ್ಚಲಿಲ್ಲ?"

"ಬಿಚ್ಚೋಕೆ ಅಂತಲೇ ಇವತ್ತು ಬೆಳಿಗ್ಗೆ ಹತ್ತಿದೆ." ಅವಳು ಮೇಜಿನ ಮೇಲಿನ ಹೊದಿಕೆಯ ಸುಕ್ಕು ಸವರಿದಳು. "ದಾರಕ್ಕೆ ಕೈ ಹಾಕಿದೆ. ಪೈಪು ಬಡಿದು ಅವರು ಕರೆದ್ರು. ಕೈ ಬರ್ಲಿಲ್ಲ."

3.40ಕ್ಕೆ ಬಂಧನ ದಾಖಲಾಯಿತು. ಮಹಿಳಾ ಕಾನ್‌ಸ್ಟೇಬಲ್ ತೋಳು ಹಿಡಿಯದೆ ಅವಳ ಪಕ್ಕದಲ್ಲೇ ನಡೆದಳು. ಕೇಸ್ ಡೈರಿಯಲ್ಲಿ ಇನ್‌ಸ್ಪೆಕ್ಟರ್, ಗಾಯಾಳುವಿನ ಮೇಲೆ ಆರೋಪಿಗೆ ಯಾವ ದ್ವೇಷವೂ ಇರಲಿಲ್ಲ ಎಂದು ಬರೆದರು.

ಹೊರಗೆ ದೂರು ಕೊಟ್ಟ ತಂಗಿ ಕಾಯುತ್ತಿದ್ದಳು. "ಯಾಕೆ ಮಾಡಿದ್ರಂತೆ ಸಾರ್?"

ಅವರು ಹೇಳಿದರು. ಅವಳಿಗೆ ಸಿಟ್ಟು ಬರಬಹುದೆಂದು ಕಾದರು. ಅವಳು ಸೆರಗು ಸರಿಮಾಡಿಕೊಂಡಳು.

"ಅಣ್ಣಂಗೆ ಇದನ್ನ ಹೇಳ್ಬೇಡಿ ಸಾರ್," ಎಂದಳು. "ವಾಸಿಯಾದ್ಮೇಲೆ ಅವನು ಆ ಗುಂಡಿ ಪಕ್ಕ ಒಬ್ಬನೇ ಕೂರ್ಬೇಕು."