ಖಾಲಿ ತಟ್ಟೆಯ ಕಳ್ಳ

"ಮೂರು ವಾರಕ್ಕೆ ಮೂರೂವರೆ ಕಿಲೋ! ನಮ್ಮಪ್ಪ ಕರಗಿ ಹೋಗ್ತಿದ್ದಾರೆ. ಆ ಹೊಸ ಅಡುಗೆಯವಳು ಅವರ ಪಾಲನ್ನ ಮನೆಗೆ ಹೊತ್ಕೊಂಡು ಹೋಗ್ತಿದ್ದಾಳೆ, ಇನ್ನೇನು!"

ಗಡಿಯಾರದ ಯಜಮಾನರ ಮಗಳು ಕೈಚೀಲವನ್ನು ಕುಕ್ಕಿದ ರಭಸಕ್ಕೆ ಮೇಜಿನ ಮೇಲಿದ್ದ ಮೌನಿಯ ಪೆನ್ನು ಉರುಳಿ ಕೆಳಗೆ ಬಿತ್ತು. ಪಾರ್ಶ್ವವಾಯು ಹೊಡೆದವರನ್ನು ಮತ್ತೆ ನಡೆಸಿ, ಉಣ್ಣಿಸಿ ಮನೆಗೆ ಕಳಿಸುವ ಆ ಆರೈಕೆ ಕೇಂದ್ರದಲ್ಲಿ ರೋಗಿಗಳ ತೂಕ ಬರೆಯುವುದು ಮೌನಿಯ ಕೆಲಸ. ಆ ಅಡ್ಡಹೆಸರು ಇಟ್ಟವಳು ತಕ್ಕಡಿ ಅಕ್ಕ. ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ಹುಡುಗಿ ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದಳು.

ತಕ್ಕಡಿ ಅಕ್ಕ ಅಲ್ಲಿಯ ಪಥ್ಯದ ಮೇಲ್ವಿಚಾರಕಿ. ಮಹಡಿಯ ಕೋಣೆಯಲ್ಲೇ ಅವಳ ವಾಸ, ಜೇಬಿನಲ್ಲಿ ಸದಾ ಒಂದು ಪುಟ್ಟ ತಕ್ಕಡಿ. ಉಪ್ಪಿನ ಡಬ್ಬಿ ಮಾಯವಾದದ್ದು, ದಿಂಬಿನೊಳಗೆ ಬಿಸ್ಕತ್ತು ಸಿಕ್ಕಿದ್ದು, ಎಲ್ಲವನ್ನೂ ಪತ್ತೆ ಹಚ್ಚಿದವಳು ಅವಳೇ.

"ಇದೊಂದನ್ನೂ ಪತ್ತೆ ಮಾಡಿ ಅಕ್ಕ," ಎಂದು ಮಗಳು ಅಳತೊಡಗಿದಳು. "ನಾಳೆ ಬೆಳಿಗ್ಗೆ ಮೂಗಿನಲ್ಲಿ ನಳಿಗೆ ಹಾಕಿ ಆಹಾರ ಕೊಡ್ತೀವಿ ಅಂತಿದ್ದಾರೆ ಡಾಕ್ಟ್ರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ. ಚಮಚ ಹಿಡಿದು ತಾವೇ ಉಣ್ಣೋದೊಂದೇ ಅವರಿಗೆ ಈಗ ಉಳಿದಿರೋ ಹೆಮ್ಮೆ."

ಅಕ್ಕ ಎದ್ದಳು. ಮೌನಿ ತೂಕದ ಪುಸ್ತಕ ಎತ್ತಿಕೊಂಡು ಹಿಂದೆಯೇ ಹೊರಟಳು.

ಅಡುಗೆಮನೆಯಲ್ಲಿ ಮೂರು ವಾರದ ಹಿಂದಷ್ಟೇ ಸೇರಿದ ಹೊಸ ಅಡುಗೆಯಾಕೆ ಈರುಳ್ಳಿ ಇಲ್ಲದೆಯೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಂಜೆಯೊಳಗೆ ಕೆಲಸ ಬಿಟ್ಟು ಹೋಗಬೇಕೆಂದು ವ್ಯವಸ್ಥಾಪಕರು ಆಗಲೇ ಹೇಳಿಯಾಗಿತ್ತು.

"ತೂಗಿ ನೋಡಿ ಅಕ್ಕ. ಒಂದು ಗ್ರಾಂ ಕಮ್ಮಿ ಇದ್ರೆ ನನ್ನ ಕೈ ಕತ್ತರಿಸಿ!"

ಅಕ್ಕ ತೂಗಿದಳು. ಮೀನು, ಮೊಟ್ಟೆ, ತರಕಾರಿ, ಮೊಸರು, ಎಲ್ಲವೂ ಸರಿಯಾಗಿತ್ತು. ಗಡಿಯಾರದ ಯಜಮಾನರದು ಮೈ ತುಂಬಿಕೊಳ್ಳಲೆಂದು ಮೀನು, ಮೊಟ್ಟೆ, ಬೆಣ್ಣೆ ಹೆಚ್ಚಿಗೆ ಹಾಕುವ ತಟ್ಟೆ. ಅಡುಗೆಯಾಕೆ ಎಡಗೈಯಿಂದ ಬಡಿಸುವುದನ್ನು ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು.

"ನಾನು ಎಡಚಿ ಅಕ್ಕ. ನಿವೃತ್ತಿಯಾದ ಅಡುಗೆಯಣ್ಣನ ಸೌಟಿನ ಮೂತಿ ಬಲಗೈಯವರಿಗೆ ಮಾಡಿದ್ದು, ನನ್ನ ಕೈಗೆ ಒಗ್ಗಲ್ಲ. ಅದಕ್ಕೇ ಹೊಸದು ತಂದೆ. ಅದೂ ತಪ್ಪಾ?"

ಟ್ರೇಗಳಲ್ಲಿ ಚಮಚ ಇಡುವ ಗುಳಿ ಬಲಕ್ಕಿದ್ದುದರಿಂದ ಬಡಿಸಿದ ದಿಕ್ಕಿನಲ್ಲೇ ಅವು ರೋಗಿಗಳ ಮುಂದೆ ಕೂರುತ್ತಿದ್ದವು. ಮೀನು, ಮೊಟ್ಟೆ ಎಡಕ್ಕೆ ಬಿದ್ದವು. ಬೇಯಿಸಿ ಹಿಸುಕಿದ ತರಕಾರಿ ಬಲಕ್ಕೆ.

ವಾರ್ಡಿನಲ್ಲಿ ಯಜಮಾನರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಲಗೆನ್ನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಡಗೆನ್ನೆಯ ತುಂಬ ಬಿಳಿ ಗಡ್ಡ.

"ಬನ್ನಿ ತಾಯಿ. ಈ ಪೇಪರ್‌ನವರಿಗೆ ಏನು ಬಂತು ಅಂತ? ಅರ್ಧರ್ಧ ವಾಕ್ಯ ಅಚ್ಚು ಹಾಕ್ತಿದ್ದಾರೆ!"

"ನಿಮ್ಮ ಊಟಾನ ಯಾರಾದ್ರೂ ಮುಟ್ತಾರಾ ಯಜಮಾನ್ರೆ?"

"ನನ್ನ ಕಣ್ಣೆದುರಿಗೇನಾ? ಸಾಧ್ಯವೇ ಇಲ್ಲ. ಪೂರ್ತಿ ನಾನೇ ಉಣ್ತೀನಿ."

ಊಟದ ಹೊತ್ತಿನಲ್ಲಿ ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ದಾದಿಯೂ ಖಾಲಿ ತಟ್ಟೆ ಎಣಿಸಿ ಕಳಿಸುತ್ತಿದ್ದಳು, ಅಷ್ಟೆ. ಊಟದ ಮೇಜಿನಲ್ಲಿ ಯಜಮಾನರ ಎಡಕ್ಕೆ ಕೂರುವವನು ಬಸ್ಸಿನ ಡ್ರೈವರಣ್ಣ. ಅವನಿಗೂ ಸಣ್ಣದೊಂದು ಸ್ಟ್ರೋಕ್ ಆಗಿತ್ತು. ಉಪ್ಪು, ಬೆಣ್ಣೆ ಕಡಿಮೆ ಮಾಡಿ ತೂಕ ಇಳಿಸಲು ಸೇರಿದವನು.

"ತಟ್ಟೆ ಖಾಲಿಯಾಗೇ ಹೋಗುತ್ತೆ ಅಕ್ಕ, ನಾನೂ ನೋಡ್ತಿರ್ತೀನಲ್ಲ," ಎಂದವನು ಮತ್ತೆ ತಲೆ ಎತ್ತಲಿಲ್ಲ.

ಹೊರಗೆ ಬಂದಾಗ ಮೌನಿಯ ಬಾಯಲ್ಲಿ ಒಂದು ಮಾತು ಸುಳಿದಾಡುತ್ತಿತ್ತು. ಒಂದು ವಾರದಿಂದಲೂ ನುಂಗಿಕೊಂಡೇ ಬಂದ ಮಾತು.

"ಉಗುಳು ಮಾರಾಯ್ತಿ," ಎಂದಳು ಅಕ್ಕ.

"ಡ್ರೈವರಣ್ಣನ ತೂಕ... ಎರಡು ಕಿಲೋ ಏರಿದೆ. ಬಿಪಿಯೂ ಇಳಿದಿಲ್ಲ. ಅದೂ ಮೂರು ವಾರದಿಂದಲೇ."

ಅಕ್ಕ ಅವಳ ಭುಜ ತಟ್ಟಿದಳು. "ಎಲ್ಲರನ್ನೂ ಊಟದ ಮೇಜಿಗೆ ಕರಿ. ಒಂದು ಹಾಳೆ, ಪೆನ್ಸಿಲ್ಲು ತಾ."

ಮಧ್ಯಾಹ್ನ ಡಾಕ್ಟರು, ವ್ಯವಸ್ಥಾಪಕರು, ಮಗಳು, ಅಡುಗೆಯಾಕೆ ಎಲ್ಲರೂ ಮೇಜಿನ ಸುತ್ತ ನಿಂತರು. ಡ್ರೈವರಣ್ಣ ಎಂದಿನಂತೆ ಯಜಮಾನರ ಎಡಕ್ಕೆ ಕೂತಿದ್ದ. ಯಜಮಾನರು ನಿಧಾನವಾಗಿ ಉಂಡು ಚಮಚ ಇಟ್ಟರು. "ಸಾಕು. ಖಾಲಿ."

ಮಗಳು ಬಾಗಿ ನೋಡಿದಳು. ಗೆರೆ ಎಳೆದ ಹಾಗೆ ತಟ್ಟೆಯ ಎಡಭಾಗದಲ್ಲಿ ಮೀನು, ಮೊಟ್ಟೆ ಇಟ್ಟಲ್ಲೇ ಇದ್ದವು.

"ಯಜಮಾನ್ರೆ, ನನಗೊಂದು ಗಡಿಯಾರ ಬರೆದುಕೊಡಿ," ಎಂದಳು ಅಕ್ಕ.

"ಅದೇನು ಮಹಾ!" ಅವರು ನಗುತ್ತಾ ವೃತ್ತ ಎಳೆದರು, ಅಂಕಿ ಬರೆದರು. ಒಂದರಿಂದ ಹನ್ನೆರಡರವರೆಗಿನ ಅಷ್ಟೂ ಅಂಕಿಗಳು ಬಲಭಾಗದಲ್ಲೇ ಒತ್ತಿಕೊಂಡು ನಿಂತವು. ಎಡಭಾಗ ಬರಿದು. ಬರೆದವರಿಗೆ ಮಾತ್ರ ಅದರಲ್ಲಿ ಕೊರತೆ ಕಾಣಲಿಲ್ಲ.

"ಇವರ ಕಣ್ಣು ಚೆನ್ನಾಗಿದೆ," ಎಂದಳು ಅಕ್ಕ. "ಆದರೆ ಸ್ಟ್ರೋಕ್ ಆದಮೇಲೆ ಮಿದುಳು ಎಡಗಡೆಯ ಲೋಕವನ್ನೇ ಲೆಕ್ಕಕ್ಕೆ ತಗೊಳ್ತಿಲ್ಲ. ಅದಕ್ಕೇ ಅರ್ಧ ಗಡ್ಡ, ಅರ್ಧ ವಾಕ್ಯ, ಅರ್ಧ ತಟ್ಟೆ. ಹಳೇ ಅಡುಗೆಯಣ್ಣ ಬಲಗೈಯವನು, ಮೀನು ಮೊಟ್ಟೆ ಬಲಕ್ಕೆ ಬೀಳ್ತಿತ್ತು. ತೂಕ ನಿಂತಿತ್ತು. ಈಕೆ ಎಡಚಿ. ಬಂದ ದಿನದಿಂದ ಸತ್ವವೆಲ್ಲ ಎಡಕ್ಕೆ, ಇವರಿಗೆ ಬರೀ ತರಕಾರಿ. ಇದರಲ್ಲಿ ಅವಳ ತಪ್ಪೇನೂ ಇಲ್ಲ."

"ಆದ್ರೆ ತಟ್ಟೆ ಖಾಲಿಯಾಗಿ ಬರ್ತಿತ್ತಲ್ಲ?" ಎಂದರು ಡಾಕ್ಟರು.

"ಡ್ರೈವರಣ್ಣ, ಇವತ್ತು ಯಾಕೋ ಕೈ ಚಾಚಲಿಲ್ಲ?"

ಅವನ ಕಿವಿ ಕೆಂಪಾಯಿತು. "ದಿನಾ ಸಾಕು ಅಂತ ಬಿಡ್ತಿದ್ರು ಅಕ್ಕ. ಅನ್ನ ಚೆಲ್ಲೋದು ಅಂದ್ರೆ ನನಗೆ ಕರುಳು ಹಿಂಡುತ್ತೆ. ಅವ್ರ ಎದುರೇ ತಿಂತಿದ್ದೆ, ಕದ್ದು ತಿಂದಿಲ್ಲ! ಅಡುಗೆಯಮ್ಮನ ಮೇಲೆ ಅಪವಾದ ಬಂದಾಗ ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ."

"ಎದುರಲ್ಲ, ಎಡಕ್ಕೆ. ಅಲ್ಲಿ ನೀನು ಅವರ ಪಾಲಿಗೆ ಇಲ್ಲವೇ ಇಲ್ಲ. ಅವರ ಬೆಣ್ಣೆ ನಿನ್ನ ಹೊಟ್ಟೆಗೆ ಹೋಯ್ತು. ಇನ್ನೊಂದು ಸ್ಟ್ರೋಕ್ ಬರದ ಹಾಗೆ ನಾನು ಹಾಕಿಕೊಟ್ಟ ಪಥ್ಯ ಗೋತಾ ಹೊಡೀತು."

ಅಕ್ಕ ಮುಂದೆ ಬಾಗಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ಅರೆ!" ಯಜಮಾನರ ಕಣ್ಣು ಅರಳಿತು. "ಮೀನು! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

ಅವರು ಚಮಚ ಎತ್ತಿದರು. ಕೊನೆಯ ತುತ್ತು ಒಳಗೆ ಹೋದಾಗ ಡಾಕ್ಟರು ನಳಿಗೆ ಹಾಕಲು ಬರೆದಿದ್ದ ಚೀಟಿಯನ್ನು ಎರಡು ತುಂಡು ಮಾಡಿದರು. ಮಗಳು ಅಡುಗೆಯಾಕೆಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ತಪ್ಪಾಯ್ತಮ್ಮ," ಎಂದಳು. ಆಕೆ ಅಳುತ್ತಲೇ, "ರಾತ್ರಿಗೆ ಮೊಟ್ಟೆ ಎರಡು ಹಾಕ್ತೀನಿ, ಬಲಕ್ಕೆ," ಎಂದಳು.

ಅಂದಿನಿಂದ ಯಜಮಾನರ ಟ್ರೇಯ ಎಡ ಅಂಚಿಗೆ ಒಂದು ಕೆಂಪು ಪಟ್ಟಿ ಬಂತು. ಆ ಪಟ್ಟಿ ಕಾಣುವವರೆಗೂ ಹುಡುಕಬೇಕು, ಅದು ಕಂಡಮೇಲೇ ಊಟ. ಅದನ್ನು ನೆನಪಿಸುವ ಕೆಲಸ ಡ್ರೈವರಣ್ಣನದು, ತನ್ನ ಸಪ್ಪೆ ಪಾಲನ್ನು ತಾನು ತಿನ್ನುತ್ತಾ. "ಎಡಕ್ಕೆ ತಿರುಗಿ ಯಜಮಾನ್ರೆ, ಸ್ಟಾಪ್ ಬಂತು!" ಎಂದು ಅವನು ಕೂಗಿದರೆ ವಾರ್ಡೆಲ್ಲ ನಗುತ್ತಿತ್ತು.

ಮರುವಾರ ಯಜಮಾನರನ್ನು ಹತ್ತಿಸಿದ ತೂಕದ ಯಂತ್ರದ ಮುಳ್ಳು ನಿಂತಾಗ ಮೌನಿ ಬರೆಯುವುದನ್ನೇ ಮರೆತಳು.

"ಒಂಬೈನೂರು ಗ್ರಾಂ ಜಾಸ್ತಿ!"

ವಾರ್ಡಿನ ಆ ತುದಿಯವರೆಗೂ ಕೇಳುವಂತೆ ಕೂಗಿದ್ದು ತಾನೇ ಎಂದು ಅವಳಿಗೆ ತಿಳಿದದ್ದು ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ. ತಮ್ಮ ಎಡಕ್ಕೆ ನಿಂತಿದ್ದ ಅವಳತ್ತ ಯಜಮಾನರು ತಾವಾಗಿಯೇ ನಿಧಾನವಾಗಿ ಮುಖ ತಿರುಗಿಸಿ ನಕ್ಕರು. ಆ ಬೆಳಿಗ್ಗೆ ಅವರ ಎರಡೂ ಕೆನ್ನೆಗಳು ನುಣ್ಣಗಿದ್ದವು.