ಹದಿನೇಳರ ಜೊತೆಗಾರ

ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ವಾಸನೆ ಅವಳಿಗೆ ಚಿಕ್ಕಂದಿನಿಂದಲೂ ಇಷ್ಟ. ತಪ್ಪು ಲೆಕ್ಕ ಅಳಿಸಿಹೋದ ನೆಮ್ಮದಿಯ ವಾಸನೆ ಅದು. ಆದರೆ ತಾನು ಪಾಠ ಮಾಡುವ ಕಾಲೇಜಿನ ಕರಿಹಲಗೆಯ ಮೇಲೆ ಎಲ್ಲರೆದುರು ಮಾಡಿದ ತಪ್ಪನ್ನು ಯಾವ ಬಟ್ಟೆ ಒರೆಸೀತು?

ಗಣಿತ ವಿಭಾಗದ ಶನಿವಾರದ ಸೆಮಿನಾರಿನಲ್ಲಿ ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ. 100000001, ಅಂದರೆ ಹತ್ತು ಕೋಟಿಯ ಮೇಲೊಂದು, ಅವಿಭಾಜ್ಯ ಸಂಖ್ಯೆ; ಯಾವುದರಿಂದಲೂ ಅದು ಮುರಿಯದು ಎಂದು ಅವಳು ಸಾರಿದ್ದಳು. ಹಿಂದಿನ ಬೆಂಚಿನಿಂದ ಹೊಸ ಲೆಕ್ಚರರ್ ಎದ್ದು ಬಂದ.

"ಮೇಡಂ, ಹದಿನೇಳರಿಂದ ಭಾಗಿಸುವಾಗ ಒಂದು ಸೊನ್ನೆ ನುಂಗಿಬಿಟ್ಟಿದ್ದೀರಿ."

ಅವನು ಹಲಗೆಯ ಮೇಲೆ ಬರೆದ: 17 × 5882353. ಕೋಣೆಯೆಲ್ಲ ನಗು. ಅವನು 5882353ರ ಮೇಲೆ ಬೆರಳಿಟ್ಟ.

"ಉಳಿದಿರೋ ಈ ದೊಡ್ಡದಿದೆಯಲ್ಲ, ಇದನ್ನ ಮಾತ್ರ ಯಾರೂ ಮುರಿಯೋಕಾಗಲ್ಲ."

"ನಾನು ಮುರೀತೀನಿ," ಎಂದಳು ಅವಳು, ಹಲ್ಲು ಕಚ್ಚಿ.

ಅಂದಿನಿಂದ ಸ್ಟಾಫ್ ರೂಮಿನಲ್ಲಿ ಅವಳ ಹೆಸರೇ 'ಹದಿನೇಳು'. ಪ್ಯೂನ್ ಕೂಡ ಬಾಯ್ತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡ.

ಸೇಡು ಅವಳ ಹಸಿವನ್ನೇ ತಿಂದುಹಾಕಿತು. ಊಟದ ಬಿಡುವಿನಲ್ಲಿ ಲೈಬ್ರರಿಯ ಮೂಲೆ ಹಿಡಿದು ಕೂತು ಅವನ ಸಂಖ್ಯೆಯನ್ನು ಭಾಗಿಸುವಳು. ಹತ್ತೊಂಬತ್ತು, ಇಪ್ಪತ್ತಮೂರು, ಇಪ್ಪತ್ತೊಂಬತ್ತು... ಪ್ರತಿ ಸಲವೂ ಶೇಷ ಉಳಿದು ಅಣಕಿಸುತ್ತಿತ್ತು. ವಿಚಿತ್ರವೆಂದರೆ, ಅವಳು ಬರುವ ಮೊದಲೇ ಯಾರೋ ಅಲ್ಲಿ ಪೆನ್ಸಿಲುಗಳನ್ನು ಚೂಪು ಮಾಡಿಟ್ಟಿರುತ್ತಿದ್ದರು.

ಒಂದು ಮಧ್ಯಾಹ್ನ, ಅದರ ವರ್ಗಮೂಲದವರೆಗೆ ಭಾಗಿಸಿ ನೋಡಲು ಇನ್ನಾವ ಸಂಖ್ಯೆಯೂ ಉಳಿಯಲಿಲ್ಲ. ಅವನದು ಮುರಿದಿರಲಿಲ್ಲ. ಸಿಟ್ಟಿಗೆ ಕಣ್ಣು ತುಂಬಿತು. ತಲೆಯೆತ್ತಿದರೆ ಎದುರಿಗೆ ಅವನೇ, ಕೈಯಲ್ಲಿ ಶಾರ್ಪನರ್.

"ನೀವಾ! ಶತ್ರುವಿನ ಕತ್ತಿ ಮಸೀತಿದ್ರಾ?"

"ಮೊಂಡು ಪೆನ್ಸಿಲಲ್ಲಿ ಬೈಸ್ಕೊಳ್ಳೋಕೆ ಇಷ್ಟ ಇರಲಿಲ್ಲ." ಅವನು ಕುರ್ಚಿಯ ತುದಿಯಲ್ಲಿ ಕೂತ. "ಅದನ್ನ ಭಾಗಿಸಬೇಡಿ. ಸುಮ್ಮನೆ ಮಧ್ಯೆ ಒಂದು ಗೆರೆ ಎಳೀರಿ. 588, 2353. ಎರಡನ್ನೂ ವರ್ಗ ಮಾಡಿ, ಕೂಡಿ."

ಅನುಮಾನದಿಂದಲೇ ಮಾಡಿದಳು. 345744. 5536609. ಕೂಡಿದಳು. 5882353.

ಅದೇ ಸಂಖ್ಯೆ. ಬೇರೆಯಾದ ಎರಡು ತುಂಡುಗಳು ತಮ್ಮನ್ನು ತಾವೇ ಹೆಚ್ಚಿಸಿಕೊಂಡು ಮತ್ತೆ ಒಂದಾಗಿದ್ದವು. ಅವಳ ಪೆನ್ಸಿಲ್ ನಿಂತುಹೋಯಿತು.

"ಇದು ಯಾವಾಗ ಸಿಕ್ತು?"

"ನಿಮಗೆ ಆ ಹೆಸರು ಬಿದ್ದ ದಿನ." ಅವನ ಕಿವಿ ಕೆಂಪಾಗಿತ್ತು. "ಹದಿನೇಳರ ಜೊತೆಗಾರ ಎಂಥವನು ಅಂತ ನೋಡ್ತಾ ಕೂತಿದ್ದೆ. ಆ ಜಾಗ... ನನಗೆ ಕೊಡ್ತೀರಾ?"

ಅವಳು ಪೆನ್ಸಿಲಿನ ಚೂಪು ತುದಿಯನ್ನು ಅವನತ್ತ ಗುರಿಯಿಟ್ಟಳು.

"ಕೊಡ್ತೀನಿ. ಆದರೆ ನಾಳೆಯಿಂದ ನಿಮ್ಮ ಹೆಸರು ಐವತ್ತೆಂಟು ಲಕ್ಷದ ಎಂಬತ್ತೆರಡು ಸಾವಿರದ ಮುನ್ನೂರ ಐವತ್ತಮೂರು. ಸ್ಟಾಫ್ ರೂಮಿನಲ್ಲಿ ನಾನೇ ಸಾರ್ತೀನಿ. ಒಂದಂಕಿ ಬಿಟ್ಟು ಕರೆದರೂ ನೀವು ತಿರುಗಿ ನೋಡಬಾರದು."

"ಆಗಲಿ."

"ಪ್ಯೂನ್ ಕರೆದರೂ ಅಷ್ಟೇ!"

ಅವನು ನಗಲಿಲ್ಲ. ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಲೆಕ್ಕದ ಹಾಳೆಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಅವಳ ಮುಂದಿಟ್ಟ.